ಎಲ್ಲಾ ಕಾಣುತ್ತೆ, ರಸ್ತೆಯೊಂದು ಬಿಟ್ಟು

ಟೆಕ್ಸಸ್ಸಿನಲ್ಲಿ ಮನೆ ಕೊಳ್ಳಲು ಹೊರಟ ಕನ್ನಡಿಗ ಮಾಡೆಲ್ ಹೌಸಿಗೆ ಕಾಲಿಟ್ಟ ಕೂಡಲೇ ಫೋನು ತೆಗೆದು ದಿಕ್ಸೂಚಿ ನೋಡುತ್ತಾನೆ. ಬಾಗಿಲು ಪೂರ್ವಕ್ಕಿದೆಯೇ, ಈಶಾನ್ಯದಲ್ಲಿ ಬಚ್ಚಲು ಬಂದುಬಿಟ್ಟಿದೆಯೇ, ಒಲೆ ಆಗ್ನೇಯಕ್ಕೆ ಸರಿಯಾಗಿ ಕೂತಿದೆಯೇ, ಇಷ್ಟೂ ಆದ ಮೇಲೆಯೇ ಸಾಲದ ಬಡ್ಡಿಯ ಮಾತು. ಫ್ರಿಸ್ಕೋ, ಕೇಟಿ, ಸೀಡರ್ ಪಾರ್ಕ್ ಕಡೆಯ ಬಿಲ್ಡರುಗಳು ಈ ಶಾಸ್ತ್ರವನ್ನು ನಮಗಿಂತ ಚೆನ್ನಾಗಿ ಕಲಿತಿದ್ದಾರೆ. ಪೂರ್ವಕ್ಕೆ ಮುಖ ಮಾಡಿದ ಸೈಟನ್ನು ತೋರಿಸುವಾಗ ಅವರ ಮುಖದಲ್ಲಿ ಬೇರೆಯದೇ ಕಳೆ. ಇಷ್ಟೆಲ್ಲ ದಿಕ್ಕು ನೋಡಿದವನು ಒಂದು ದಿಕ್ಕು ಮಾತ್ರ ನೋಡುವುದಿಲ್ಲ. ಈ ಮನೆಯಿಂದ ಆಫೀಸು ಯಾವ ಕಡೆಗಿದೆ?

ಕೇಟಿ ಇರುವುದು ಹ್ಯೂಸ್ಟನ್ನಿನ ಪಶ್ಚಿಮಕ್ಕೆ. ಅಲ್ಲಿಂದ ಪೇಟೆಯ ಕಡೆ ಕೆಲಸಕ್ಕೆ ಹೋಗುವವನು ಬೆಳಿಗ್ಗೆ ಪೂರ್ವಕ್ಕೆ ಕಾರು ಓಡಿಸಬೇಕು. ಸೂರ್ಯ ನೆಟ್ಟಗೆ ಮುಖಕ್ಕೆ. ಸಂಜೆ ಪಶ್ಚಿಮಕ್ಕೆ ಮರಳಬೇಕು. ಅಷ್ಟು ಹೊತ್ತಿಗೆ ಸೂರ್ಯನೂ ಪಾಳಿ ಮುಗಿಸಿಕೊಂಡು ಪಶ್ಚಿಮಕ್ಕೆ ಬಂದು ಕಾಯುತ್ತಿರುತ್ತಾನೆ. ಮಾರ್ಚ್ ಮತ್ತು ಸೆಪ್ಟೆಂಬರಿನ ಕೊನೆಯಲ್ಲಿ, ಹಗಲು ರಾತ್ರಿ ಸಮನಾಗುವ ದಿನಗಳಲ್ಲಂತೂ, ಇಂಟರ್‌ಸ್ಟೇಟ್ 10 ರಸ್ತೆಯ ತುದಿಗೇ ಸೂರ್ಯನನ್ನು ಮೊಳೆ ಹೊಡೆದು ನಿಲ್ಲಿಸಿದಂತೆ ಇರುತ್ತದೆ. ಇದೇ ರಸ್ತೆಯನ್ನು ಸುಮಾರು 280 ಕೋಟಿ ಡಾಲರ್ ಸುರಿದು 2008ರ ಹೊತ್ತಿಗೆ ಅಗಲ ಮಾಡಿದರು. ಪಕ್ಕದ ಸರ್ವಿಸ್ ರಸ್ತೆಗಳನ್ನೂ ಎಣಿಸಿದರೆ ಕೆಲವೆಡೆ 26 ಲೇನುಗಳು. ಆಮೇಲೆ 2011ರಿಂದ 2014ರ ನಡುವೆ ಅಲ್ಲಿ ಬೆಳಗಿನ ಪ್ರಯಾಣದ ಹೊತ್ತು ಶೇ. 30ರಷ್ಟು, ಸಂಜೆಯದು ಶೇ. 55ರಷ್ಟು ಹೆಚ್ಚಾಯಿತು. ಅಂದರೆ ಸೂರ್ಯದರ್ಶನದ ಅವಧಿಯೂ ಹೆಚ್ಚಾಯಿತು. ಆಫೀಸಿನ ಪೂರ್ವಕ್ಕೆ ಮನೆ ಮಾಡಿದ್ದರೆ ಎರಡು ಹೊತ್ತೂ ಸೂರ್ಯ ಬೆನ್ನಿಗಿರುತ್ತಿದ್ದ. ಈ ಸರಳ ವಾಸ್ತುವನ್ನು ಯಾವ ಪಂಡಿತರೂ ಹೇಳಲಿಲ್ಲ. ಅವರು ಕಮ್ಯೂಟ್ ಮಾಡುವುದಿಲ್ಲ, ಜೂಮಿನಲ್ಲಿ ಬರುತ್ತಾರೆ.

ಡಾಲಸ್ಸಿನವರು ನಗಬೇಕಿಲ್ಲ. ಊರಿನ ಉತ್ತರಕ್ಕಿರುವ ಫ್ರಿಸ್ಕೋದವನು ಬೆಳಿಗ್ಗೆ ಟೋಲ್‌ವೇ ಹಿಡಿದು ದಕ್ಷಿಣಕ್ಕೆ ಹೋಗುತ್ತಾನೆ, ಸೂರ್ಯ ಎಡಕ್ಕೆ. ಸಂಜೆ ಉತ್ತರಕ್ಕೆ ಬರುತ್ತಾನೆ, ಸೂರ್ಯ ಮತ್ತೆ ಎಡಕ್ಕೆ. ಅಮೆರಿಕದಲ್ಲಿ ಚಾಲಕ ಕೂರುವುದೂ ಎಡಕ್ಕೆ. ಹಾಗಾಗಿ ಫ್ರಿಸ್ಕೋ ಕನ್ನಡಿಗನನ್ನು ಗುರುತಿಸುವುದು ಸುಲಭ: ಎಡಗೈ ಹೊಲದಲ್ಲಿ ದುಡಿದವನದು, ಬಲಗೈ ಸಾಫ್ಟ್‌ವೇರಿನವನದು. ಆಸ್ಟಿನ್ನಿನ ವಾಯವ್ಯಕ್ಕಿರುವ ಲಿಯಾಂಡರ್, ಸೀಡರ್ ಪಾರ್ಕಿನವರಿಗೆ ಚಳಿಗಾಲದ ಬೆಳಿಗ್ಗೆ ಆಗ್ನೇಯದ ಸೂರ್ಯ, ಬೇಸಿಗೆಯ ಸಂಜೆ ವಾಯವ್ಯದ ಸೂರ್ಯ. ಮನೆಯೊಳಗೆ ಆಗ್ನೇಯ ವಾಯವ್ಯ ಸರಿಯಾಗಿಯೇ ಇತ್ತು, ಪಾಪ.

2024ರ ಏಪ್ರಿಲ್ 8ರಂದು ಡಾಲಸ್ಸಿನಲ್ಲಿ ಪೂರ್ಣ ಸೂರ್ಯಗ್ರಹಣವಾಯಿತು. ಹತ್ತಿರ ಹತ್ತಿರ ನಾಲ್ಕು ನಿಮಿಷದ ಕತ್ತಲೆ. ಅದಕ್ಕೆ ಶಾಲೆ, ಆಫೀಸು, ಗ್ರಂಥಾಲಯ ಎಲ್ಲೆಲ್ಲೂ ಕಾಗದದ ಕನ್ನಡಕ ಹಂಚಿದ್ದೇ ಹಂಚಿದ್ದು. ಪ್ರಮಾಣಪತ್ರ ಇರುವ ಕನ್ನಡಕವೇ ಆಗಬೇಕು, ಬರಿಗಣ್ಣಲ್ಲಿ ಸೂರ್ಯನನ್ನು ನೋಡಿದರೆ ದೃಷ್ಟಿಯೇ ಹೋದೀತು ಎಂದು ಟಿವಿಯವರು ಗಂಟಲು ಹರಿದುಕೊಂಡರು. ನಮ್ಮವರು ಕನ್ನಡಕದ ಜೊತೆಗೆ ಉಪ್ಪಿನಕಾಯಿ ಜಾಡಿಗೆ ದರ್ಭೆಯನ್ನೂ ಹಾಕಿದರು. ಮಾರನೆಯ ದಿನ ಬೆಳಿಗ್ಗೆ ಅದೇ ಜನ, ಅದೇ ಬರಿಗಣ್ಣು, ಅದೇ ಸೂರ್ಯ, ಗಂಟೆಗೆ 70 ಮೈಲು ವೇಗ. ಯಾರೂ ಏನೂ ಹಂಚಲಿಲ್ಲ.

ಹಾಗಾದರೆ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದರಾಯಿತಲ್ಲ ಎನ್ನುತ್ತೀರಿ. ಕಾನೂನು ಅಲ್ಲೇ ಕಾಯುತ್ತಿದೆ. ಟೆಕ್ಸಸ್ಸಿನಲ್ಲಿ ಮುಂದಿನ ಎರಡು ಪಕ್ಕದ ಗಾಜುಗಳು ಕನಿಷ್ಠ ಶೇ. 25 ಬೆಳಕನ್ನು ಒಳಗೆ ಬಿಡಬೇಕು. ಮುಂದಿನ ದೊಡ್ಡ ಗಾಜಿಗೆ ಮೇಲಿನ ಐದು ಅಂಗುಲದಷ್ಟು ಪಟ್ಟಿ ಮಾತ್ರ. ಫಿಲ್ಮು ಬೆಳಕನ್ನು ಶೇ. 25ಕ್ಕಿಂತ ಹೆಚ್ಚು ಪ್ರತಿಫಲಿಸಲೂ ಬಾರದು, ಎದುರಿನವನ ಕಣ್ಣಿಗೆ ಹೊಡೆಯುತ್ತದೆ ಎಂದು. ಒಳ್ಳೆಯ ನಿಯಮವೇ. ನಮ್ಮಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ಫಿಲ್ಮನ್ನೇ ಬೇಡ ಎಂದಾಗ ಬೆಂಗಳೂರಿನ ಪೊಲೀಸರು ಸಿಗ್ನಲ್ಲಿನಲ್ಲಿ ನಿಂತು ಉಗುರಿನಲ್ಲಿ ಕೆರೆದು ಕಿತ್ತದ್ದನ್ನು ಕಂಡವರಿಗೆ ಟೆಕ್ಸಸ್ಸಿನ ನಿಯಮ ಔದಾರ್ಯದಂತೆಯೇ ಕಾಣಬೇಕು.

ಈ ಶೇ. 25ರ ಲೆಕ್ಕ ಕಾರಿಗೆ ಮಾತ್ರ. ಡಾಲಸ್ಸಿನ ಕಲಾ ಜಿಲ್ಲೆಯಲ್ಲಿ ಮ್ಯೂಸಿಯಂ ಟವರ್ ಎಂಬ 42 ಅಂತಸ್ತಿನ ಗಾಜಿನ ಗೋಪುರವಿದೆ. ಪಕ್ಕದಲ್ಲೇ ನ್ಯಾಷರ್ ಶಿಲ್ಪಕಲಾ ಕೇಂದ್ರ. 2003ರಲ್ಲಿ ತೆರೆದ ಆ ಕೇಂದ್ರಕ್ಕೆ ರೆಂಜೊ ಪಿಯಾನೊ ಎಂಬ ವಾಸ್ತುಶಿಲ್ಪಿ ಒಂದು ಸೂಕ್ಷ್ಮವಾದ ಛಾವಣಿ ಮಾಡಿಕೊಟ್ಟಿದ್ದರು. ನೇರ ಬಿಸಿಲನ್ನು ತಡೆದು ಉತ್ತರದ ತಂಪು ಬೆಳಕನ್ನಷ್ಟೇ ಒಳಗೆ ಬಿಡುವ ಛಾವಣಿ. ಗೋಪುರ ಎದ್ದಿತು, ಸೂರ್ಯ ಉತ್ತರದ ಕಡೆಯಿಂದಲೂ ಬರತೊಡಗಿದ. ಗೋಪುರದ ಗಾಜು ಬೆಳಕನ್ನು ಶೇ. 44ರಷ್ಟು ಪ್ರತಿಫಲಿಸುತ್ತದೆ ಎಂದು ಪತ್ರಿಕೆಗಳು ಆಗ ಬರೆದವು. ಶಿಲ್ಪಗಳ ಮೇಲೆ ಬಿಸಿಲಿನ ಬರೆ, ತೋಟದ ಗಿಡಗಳಿಗೆ ಸುಡುಬಿಸಿಲು, ಜೇಮ್ಸ್ ಟರೆಲ್ ಆಕಾಶ ನೋಡಲೆಂದೇ ಮಾಡಿಟ್ಟ ಕಿಂಡಿಯಲ್ಲಿ ಆಕಾಶದ ಬದಲು ಗೋಪುರದ ತುದಿ. ಗೋಪುರದ ಆಗಿನ ಮಾಲೀಕರು ಯಾರು? ಡಾಲಸ್ಸಿನ ಪೊಲೀಸ್ ಮತ್ತು ಅಗ್ನಿಶಾಮಕ ಸಿಬ್ಬಂದಿಯ ಪಿಂಚಣಿ ನಿಧಿ. ನಿಮ್ಮ ಕಾರಿನ ಗಾಜು ಶೇ. 26 ಪ್ರತಿಫಲಿಸಿದರೆ ನಿಲ್ಲಿಸಿ ಚೀಟಿ ಬರೆಯುವ ಸಿಬ್ಬಂದಿಯ ನಿವೃತ್ತಿಯ ದುಡ್ಡು ಊರಿನ ಅತಿ ದೊಡ್ಡ ಕನ್ನಡಿಯಲ್ಲಿ ಹೂಡಿಕೆಯಾಗಿತ್ತು. ಇದನ್ನು ನಾನು ಕಟ್ಟಿ ಹೇಳಿದ್ದರೆ ಸಂಪಾದಕರು ಉತ್ಪ್ರೇಕ್ಷೆಯಾಯಿತು ಎಂದು ಹೊಡೆದುಹಾಕುತ್ತಿದ್ದರು.

ಹೊರಗಿನ ಬೆಳಕು ಬಿಡಿ, ಅದಕ್ಕೆ ಪ್ರತ್ಯಕ್ಷ ದೇವರೇ ಹೊಣೆ. ಒಳಗಿನ ಬೆಳಕನ್ನು ನಾವು ದುಡ್ಡು ಕೊಟ್ಟು ತಂದಿದ್ದೇವೆ.

ಹಾಸನದ ಡಿಪೋದಲ್ಲಿ ಬಸ್ಸು ಓಡಿಸಿ ನಿವೃತ್ತರಾದ ಹಿರಿಯರೊಬ್ಬರು ರೌಂಡ್ ರಾಕಿನ ಮಗನ ಮನೆಗೆ ಬಂದಿದ್ದರು. ಮಗ ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಗುಡಿಗೆ ಹೊರಟ. ಹಿಂದಿನ ಸೀಟಿನಲ್ಲಿ ನಾನು.

"ಸ್ಪೀಡಿನ ಮೀಟರ್ ಎಲ್ಲೋ?"

"ಅಲ್ಲೇ ನೋಡಪ್ಪ, ಸ್ಕ್ರೀನಿನ ಮೂಲೇಲಿ."

"ಎಸಿ?"

"ಅದೂ ಅಲ್ಲೇ."

"ವೈಪರ್ರು?"

"ಮಳೆ ಬಂದ್ರೆ ಅದೇ ಆನ್ ಆಗುತ್ತೆ. ಆಗ್ಲಿಲ್ಲ ಅಂದ್ರೆ ಸ್ಕ್ರೀನಲ್ಲಿ ಹೋಗಿ ಸರಿ ಮಾಡ್ಕೋಬೇಕು."

"ನೀನು ಅಲ್ಲಿ ಹೋಗಿರುವಾಗ ರಸ್ತೆ ನೋಡೋರು ಯಾರು?"

"ಅದನ್ನೂ ಕಾರೇ ನೋಡುತ್ತಪ್ಪ."

"ಮತ್ತೆ ಆ ಸೀಟಲ್ಲಿ ನೀನ್ಯಾಕೆ ಕೂತಿದೀಯ?"

"ಇನ್ಶೂರೆನ್ಸಿಗೆ ಒಬ್ಬ ಬೇಕಲ್ಲಪ್ಪ."

ಹಿರಿಯರು ಮತ್ತೆ ಮಾತಾಡಲಿಲ್ಲ. ಗುಡಿ ಬರುವವರೆಗೆ ಎದುರಿನ ರಸ್ತೆಯನ್ನು ಅವರೇ ನೋಡಿದರು. ಬಲಗಾಲು ಆಗಾಗ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ರಸ್ತೆ ನೋಡೋರು ಯಾರು ಎಂದು ಅವರು ಕೇಳಿದ ಪ್ರಶ್ನೆಯನ್ನು ಜರ್ಮನಿಯ ಒಂದು ನ್ಯಾಯಾಲಯವೂ ಕೇಳಿದೆ. ಅಲ್ಲೊಬ್ಬ ಟೆಸ್ಲಾ ಚಾಲಕ ಜೋರು ಮಳೆಯಲ್ಲಿ ವೈಪರಿನ ವೇಗ ಬದಲಿಸಲು ಸ್ಕ್ರೀನು ಮುಟ್ಟಿದ, ಕಾರು ರಸ್ತೆ ಬಿಟ್ಟು ಮರಗಳಿಗೆ ಗುದ್ದಿತು. 2020ರಲ್ಲಿ ಕಾರ್ಲ್ಸ್‌ರೂಹೆಯ ಮೇಲಿನ ನ್ಯಾಯಾಲಯ, ಓಡಿಸುತ್ತಾ ಸ್ಕ್ರೀನು ಮುಟ್ಟುವುದೂ ಫೋನು ಒತ್ತುವುದೂ ಒಂದೇ ಎಂದು 200 ಯೂರೋ ದಂಡ ಮತ್ತು ಒಂದು ತಿಂಗಳ ಚಾಲನಾ ನಿಷೇಧವನ್ನು ಖಾಯಂ ಮಾಡಿತು. ಸ್ವೀಡನ್ನಿನ ವಿ ಬಿಲೇಗರೆ ಎಂಬ ಕಾರು ಪತ್ರಿಕೆ 2022ರಲ್ಲಿ ಒಂದು ಪರೀಕ್ಷೆ ಮಾಡಿತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಸೀಟು ಬೆಚ್ಚಗೆ ಮಾಡು, ರೇಡಿಯೋ ಬದಲಿಸು, ಡ್ಯಾಶ್‌ಬೋರ್ಡಿನ ದೀಪ ಕಡಿಮೆ ಮಾಡು ಮೊದಲಾದ ನಾಲ್ಕು ಕೆಲಸ. ಗುಂಡಿಗಳಿದ್ದ 2005ರ ಹಳೇ ವೋಲ್ವೋದಲ್ಲಿ ಅದಕ್ಕೆ 10 ಸೆಕೆಂಡು ಹಿಡಿಯಿತು. ಸ್ಕ್ರೀನಿದ್ದ ಒಂದು ಹೊಸ ಎಂಜಿ ಕಾರಿನಲ್ಲಿ ಸುಮಾರು 45 ಸೆಕೆಂಡು. ಅಷ್ಟರಲ್ಲಿ ಕಾರು 1,300 ಮೀಟರಿಗೂ ಹೆಚ್ಚು ದೂರ ಹೋಗಿತ್ತು. ಹದಿನೇಳು ವರ್ಷದಲ್ಲಿ ವಾಹನ ವಿಜ್ಞಾನ ಸಾಧಿಸಿದ್ದು ಇದು.

ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯೂ ಸುಮ್ಮನೆ ಕೂತಿಲ್ಲ. ಒಂದು ಸಲ ಸ್ಕ್ರೀನಿನ ಮೇಲೆ ಕಣ್ಣು ಎರಡು ಸೆಕೆಂಡು ಮೀರಬಾರದು, ಒಂದು ಕೆಲಸಕ್ಕೆ ಒಟ್ಟು ಹನ್ನೆರಡು ಸೆಕೆಂಡು ಮೀರಬಾರದು ಎಂದು 2013ರಲ್ಲೇ ಹೇಳಿದೆ. ಹೇಳಿದೆ ಅಷ್ಟೆ, ಕಂಪನಿಗಳು ಕೇಳಲೇಬೇಕೆಂದಿಲ್ಲ. ಈ ಎರಡು ಸೆಕೆಂಡನ್ನು ಟೆಕ್ಸಸ್ಸಿನ ಅಳತೆಯಲ್ಲಿ ನೋಡಿ. ಆಸ್ಟಿನ್ನಿನ ಪೂರ್ವಕ್ಕೆ ಹಾದು ಹೋಗುವ 130ನೇ ರಾಜ್ಯ ಹೆದ್ದಾರಿಯ ದಕ್ಷಿಣ ಭಾಗದಲ್ಲಿ ವೇಗದ ಮಿತಿ ಗಂಟೆಗೆ 85 ಮೈಲು, ಇಡೀ ದೇಶದಲ್ಲೇ ಹೆಚ್ಚು. ಆ ವೇಗದಲ್ಲಿ ಎರಡು ಸೆಕೆಂಡೆಂದರೆ 76 ಮೀಟರು. ಹಾಡು ಬದಲಿಸುವ ಒಂದು ನೋಟದಲ್ಲಿ ಹೆಚ್ಚುಕಡಿಮೆ ಒಂದು ಕೆರೆ ಏರಿ ದಾಟಿರುತ್ತೀರಿ, ಕಣ್ಣು ಮುಚ್ಚಿಕೊಂಡು.

ಇದೇ 130ನೇ ಹೆದ್ದಾರಿಯ ಪಕ್ಕದಲ್ಲೇ ಟೆಸ್ಲಾದ ದೊಡ್ಡ ಕಾರ್ಖಾನೆ ಇದೆ. ಕಂಪನಿಯ ಪ್ರಧಾನ ಕಚೇರಿ 2021ರ ಕೊನೆಯಲ್ಲಿ ಆಸ್ಟಿನ್ನಿಗೇ ಬಂತು. ಅದೇ ಆಸ್ಟಿನ್ನಿನ ನಗರಸಭೆಗೂ ಮಿನುಗುವ ಬೋರ್ಡುಗಳಿಗೂ ಹಳೇ ವೈರ. ರಸ್ತೆ ಬದಿಯಲ್ಲಿ ಮೊದಲೇ ಇದ್ದ ಜಾಹೀರಾತು ಫಲಕಗಳನ್ನು ಡಿಜಿಟಲ್ ಮಾಡುತ್ತೇವೆ ಎಂದು ಕಂಪನಿಗಳು 2017ರಲ್ಲಿ ಅರ್ಜಿ ಹಾಕಿದಾಗ ನಗರಸಭೆ ಆಗದು ಎಂದಿತು. ಊರಿನ ಅಂದ ಕೆಡುತ್ತದೆ, ವಾಹನ ಸವಾರರ ಸುರಕ್ಷತೆಗೆ ಕುತ್ತು ಎಂಬುದು ಅದರ ಕಾರಣ. ಜಗಳ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2022ರ ಏಪ್ರಿಲಿನಲ್ಲಿ ಮೂರರ ವಿರುದ್ಧ ಆರು ನ್ಯಾಯಮೂರ್ತಿಗಳು ನಗರಸಭೆಯ ವಾದ ಎತ್ತಿಹಿಡಿದರು. ಹೀಗಾಗಿ ಆಸ್ಟಿನ್ನಿನಲ್ಲಿ ಚಾಲಕನಿಂದ ನೂರಡಿ ದೂರದ ಫಲಕ ಮಿನುಗಿದರೆ ಸಂವಿಧಾನದ ಪ್ರಶ್ನೆ ಏಳುತ್ತದೆ. ಅವನ ಮೊಣಕೈ ಪಕ್ಕದಲ್ಲಿ ಹದಿನೈದು ಅಂಗುಲದ ಫಲಕ ಮಿನುಗಿದರೆ ಅದು ಡೀಲಕ್ಸ್ ಮಾಡೆಲ್.

ಟಿವಿ, ಡಿವಿಡಿಯ ಪರದೆ ಚಾಲಕನ ಸೀಟಿನಿಂದ ಕಾಣಬಾರದು, ಕಾಣುವುದಾದರೆ ಗಾಡಿ ನಿಂತಿರಬೇಕು ಎಂದು ಟೆಕ್ಸಸ್ ಕಾನೂನಿನಲ್ಲಿ ಬರೆದೇ ಇದೆ. ಆದರೂ 2021ರಲ್ಲಿ ಓಡುವ ಟೆಸ್ಲಾದ ಸ್ಕ್ರೀನಿನಲ್ಲಿ ವಿಡಿಯೋ ಗೇಮ್ ಆಡಬಹುದು ಎಂಬುದು ಗೊತ್ತಾಗಿ, ಕೇಂದ್ರದವರು ತನಿಖೆ ಶುರು ಮಾಡಿದ ಮೇಲೆ, ಕಂಪನಿ ಅದನ್ನು ತೆಗೆಯಿತು. ಫೋನಿನ ಕಥೆ ಇನ್ನೂ ಸೊಗಸು. ಓಡಿಸುತ್ತಾ ಮೆಸೇಜು ಬರೆಯುವುದನ್ನು ತಡೆಯುವ ಮಸೂದೆ 2011ರಲ್ಲೇ ಶಾಸನಸಭೆಯಲ್ಲಿ ಪಾಸಾಗಿತ್ತು. ದೊಡ್ಡವರ ನಡವಳಿಕೆಯಲ್ಲಿ ಸರ್ಕಾರ ಇಷ್ಟು ಸಣ್ಣ ಸಣ್ಣದಕ್ಕೆಲ್ಲ ಮೂಗು ತೂರಿಸಬಾರದು ಎಂದು ಆಗಿನ ರಾಜ್ಯಪಾಲ ರಿಕ್ ಪೆರ್ರಿ ತಳ್ಳಿಹಾಕಿದರು. ಆಸ್ಟಿನ್ ನಗರ 2015ರಿಂದ ಫೋನನ್ನು ಕೈಯಲ್ಲಿ ಹಿಡಿಯುವುದನ್ನೇ ನಿಷೇಧಿಸಿತು. ರಾಜ್ಯದ ಕಾನೂನು ಬಂದದ್ದು 2017ರ ಸೆಪ್ಟೆಂಬರ್ 1ಕ್ಕೆ. ಮೊದಲ ತಪ್ಪಿಗೆ 25ರಿಂದ 99 ಡಾಲರ್. ಮೆಸೇಜು ಬರೆದರೆ ತಪ್ಪು. ಅದೇ ಫೋನಿನಲ್ಲಿ ಮ್ಯಾಪು ನೋಡಿದರೆ, ಹಾಡು ಹುಡುಕಿದರೆ ತಪ್ಪಲ್ಲ. ಹಾಗಾಗಿ ಟೆಕ್ಸಸ್ಸಿನಲ್ಲಿ ಹಿಡಿದು ನಿಲ್ಲಿಸಿದ ಪ್ರತಿಯೊಬ್ಬನೂ ಆ ಗಳಿಗೆಯಲ್ಲಿ ಹಾಡನ್ನೇ ಹುಡುಕುತ್ತಿರುತ್ತಾನೆ. ಇಷ್ಟು ಸಂಗೀತಪ್ರೇಮಿ ರಾಜ್ಯ ಇನ್ನೊಂದಿಲ್ಲ.

ಈಗ ನಮ್ಮ ಡ್ಯಾಶ್‌ಬೋರ್ಡಿಗೆ ಬರೋಣ. ಪೇರ್‌ಲ್ಯಾಂಡಿನ ಮೀನಾಕ್ಷಿ ಗುಡಿಯಿರಲಿ, ಫ್ರಿಸ್ಕೋದ ಹನುಮಂತನ ಗುಡಿಯಿರಲಿ, ಹೊಸ ಕಾರಿಗೆ ಪೂಜೆಯಾಗದೆ ಗ್ಯಾರೇಜಿಗೆ ಪ್ರವೇಶವಿಲ್ಲ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಸ್ವಸ್ತಿಕ, ಕನ್ನಡಿಗೆ ಹೂವಿನ ಹಾರ. ಹಾರ ಒಣಗುತ್ತದೆ, ತೆಗೆಯಲು ಮನಸ್ಸು ಬಾರದು. ಡ್ಯಾಶ್‌ಬೋರ್ಡಿನ ನಡುವೆ ಬೆಳ್ಳಿಯ ಗಣಪ, ಪಕ್ಕದಲ್ಲಿ ಬಿಳೀ ಟಿಶ್ಯೂ ಡಬ್ಬಿ. ಮಲ್ಲಿಗೆ ಕನ್ನಡ ಸಂಘವೋ ಹ್ಯೂಸ್ಟನ್ ಕನ್ನಡ ವೃಂದವೋ ಆಸ್ಟಿನ್ ಕನ್ನಡ ಸಂಘವೋ, ಯಾವುದಾದರೊಂದರ ರಾಜ್ಯೋತ್ಸವ ಮುಗಿಸಿ ಬಂದ ಸಂಜೆ ಡ್ಯಾಶ್‌ಬೋರ್ಡಿನ ಮೇಲೊಂದು ಹಳದಿ ಕೆಂಪು ಶಾಲು. ಬಿಸಿಲು ಇದರ ಮೇಲೆ ಬಿದ್ದಾಗ ಏನಾಗುತ್ತದೆಂದು ಕೂತು ನೋಡಿ. ಓರೆಯಾಗಿರುವ ಮುಂದಿನ ಗಾಜು ಕೆಳಗಿರುವುದನ್ನೆಲ್ಲ ಕನ್ನಡಿಯಂತೆ ಎತ್ತಿ ಕಣ್ಣಿನ ಮುಂದೆ ಹಿಡಿಯುತ್ತದೆ. ಗಾಜಿನ ತುಂಬ ಕನ್ನಡ ಬಾವುಟ, ಬಾವುಟದ ನಡುವೆ ತಲೆಕೆಳಗಾದ ಗಣಪ, ಗಣಪನ ಹೊಟ್ಟೆಯ ಹಿಂದೆಲ್ಲೋ ಬ್ರೇಕ್ ಒತ್ತಿ ನಿಂತ ಪಿಕಪ್ ಟ್ರಕ್ಕು. ವಿಘ್ನ ನಿವಾರಿಸಲಿ ಎಂದು ಇಟ್ಟದ್ದು ವಿಘ್ನವನ್ನೇ ಮರೆಮಾಡಿಕೊಂಡು ಕೂತಿದೆ.

ಗಾಜಿಗೂ ಒಂದು ಮಾತಿದೆ. ಬೇಸಿಗೆಯಲ್ಲಿ ಪಾರ್ಕಿಂಗ್ ಲಾಟಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು ಕೈ ಇಡಲಾಗದಷ್ಟು ಕಾಯುತ್ತದೆ. ಪ್ಲಾಸ್ಟಿಕ್ಕನ್ನು ಮೆತ್ತಗಿಡಲು ಹಾಕಿದ ಎಣ್ಣೆಯಂಥ ರಾಸಾಯನಿಕಗಳು ಆ ಕಾವಿಗೆ ಆವಿಯಾಗಿ ಗಾಜಿನ ಒಳಮೈಗೆ ಹೋಗಿ ಕೂರುತ್ತವೆ. ಹೊಸ ಕಾರಿನ ವಾಸನೆ ಎಂದು ನಾವು ಮೂಗರಳಿಸಿ ಕುಡಿಯುತ್ತೇವಲ್ಲ, ಅದರ ಬಳಗವೇ ಇದು. ನೆರಳಲ್ಲಿ ಏನೂ ಕಾಣದು. ಎದುರು ಬಿಸಿಲು ಬಿತ್ತೆಂದರೆ ಇಡೀ ಗಾಜು ಹಾಲು ಹಾಲು. ಕಾರು ತೊಳೆಯುವ ಅಂಗಡಿಗೆ ತಿಂಗಳ ಚಂದಾ ಕಟ್ಟಿ ವಾರಕ್ಕೊಮ್ಮೆ ಹೊರಗಿನ ಗಾಜು ಫಳಫಳ ಮಾಡಿಸುವವರು ಒಳಮೈಗೆ ಒಂದು ಸಲ ಬಟ್ಟೆ ಹಾಕುವುದಿಲ್ಲ. ಒಂದು ಒದ್ದೆ ಬಟ್ಟೆ, ಆಮೇಲೊಂದು ಒಣ ಬಟ್ಟೆ, ಐದು ನಿಮಿಷದ ಕೆಲಸ. ಇದರ ಬದಲು ಅಮೆಜಾನಿನಿಂದ ಹಳದಿ ಕನ್ನಡಕ, ವೈಸರಿಗೆ ಸಿಕ್ಕಿಸುವ ಇನ್ನೊಂದು ವೈಸರ್, ಸ್ಕ್ರೀನಿಗೆ ಮ್ಯಾಟ್ ಹಾಳೆ ಎಲ್ಲ ಬಂದು ಬೀಳುತ್ತವೆ. ಪೋಲರಾಯ್ಡ್ ಕನ್ನಡಕ ರಸ್ತೆಯ ಮೇಲಿನ ಝಳಪನ್ನು ಚೆನ್ನಾಗಿಯೇ ಕತ್ತರಿಸುತ್ತದೆ. ಜೊತೆಗೆ ಕೆಲವು ಕಾರುಗಳ ಸ್ಕ್ರೀನನ್ನೂ, ಗಾಜಿನ ಮೇಲೆ ತೇಲುವ ವೇಗದ ಅಂಕಿಯನ್ನೂ ಮಾಯ ಮಾಡುತ್ತದೆ. ಒಂದು ಲೆಕ್ಕಕ್ಕೆ ಅದೇ ಅದರ ದೊಡ್ಡ ಉಪಕಾರ.

ಕಣ್ಣು ಕುಕ್ಕುವುದು ಅರ್ಧ ಕಥೆ. ಇನ್ನರ್ಧ, ಕಣ್ಣಿಗೆ ಬೀಳದೇ ಇರುವುದು. ಮುಂದಿನ ಗಾಜಿನ ಎರಡು ಪಕ್ಕದ ಕಂಬಗಳು ಹಿಂದೆ ಹೆಬ್ಬೆರಳಿನ ದಪ್ಪ ಇದ್ದವು, ಈಗ ತೊಡೆಯ ದಪ್ಪ. ಕಾರು ಮಗುಚಿದರೆ ಒಳಗಿನವರು ಜಜ್ಜಿ ಹೋಗಬಾರದು ಎಂದು 2009ರಲ್ಲಿ ಛಾವಣಿಯ ನಿಯಮ ಬಿಗಿ ಮಾಡಿದರು. ಸಾಮಾನ್ಯ ಕಾರಿನ ಛಾವಣಿ ಅದರ ತೂಕದ ಮೂರರಷ್ಟನ್ನು ತಡೆಯಬೇಕು. ಕಂಬದೊಳಗೆ ಏರ್‌ಬ್ಯಾಗೂ ಸೇರಿತು. ಒಳಗಿನವರಿಗೆ ಒಳ್ಳೆಯದಾಯಿತು. ಎಡಕ್ಕೆ ತಿರುಗುವಾಗ ರಸ್ತೆ ದಾಟುತ್ತಿರುವ ಅಜ್ಜಿ ಮಾತ್ರ ಕಂಬದ ಹಿಂದೆ ಅಷ್ಟೂ ಹೊತ್ತು ಸಲೀಸಾಗಿ ಅಡಗಿರುತ್ತಾರೆ.

ಡಾಲಸ್ಸಿಗೂ ಫೋರ್ಟ್ ವರ್ತಿಗೂ ನಡುವಿನ ಆರ್ಲಿಂಗ್ಟನ್ನಿನಲ್ಲಿ ಶೆವರ್ಲೆ ಸಬರ್ಬನ್ ತಯಾರಾಗುತ್ತದೆ. ಟೆಕ್ಸಸ್ಸಿನ ರಾಷ್ಟ್ರೀಯ ವಾಹನ ಎಂದೇ ಇದನ್ನು ತಮಾಷೆಗೆ ಕರೆಯುತ್ತಾರೆ. ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ ರೂಪಿಸಿದ ವಿಧಾನದಲ್ಲಿ ಕೆಲವು ಕಾರುಗಳ ಹಳೆಯ ಹೊಸ ಮಾದರಿಗಳನ್ನು ಅಳೆದು ನೋಡಿದ ಫಲಿತಾಂಶ 2025ರಲ್ಲಿ ಹೊರಬಂತು: ಕಾರಿನ ಮುಂದಿನ ಹತ್ತು ಮೀಟರ್ ಜಾಗದಲ್ಲಿ ಚಾಲಕನಿಗೆ ಎಷ್ಟು ಕಾಣುತ್ತದೆ? 2000ದ ಸಬರ್ಬನ್ನಿನಲ್ಲಿ ಶೇ. 56. 2023ರದರಲ್ಲಿ ಶೇ. 28. ನಮ್ಮವರ ಅಚ್ಚುಮೆಚ್ಚಿನ ಹೋಂಡಾ ಸಿಆರ್‌ವಿ 1997ರಲ್ಲಿ ಶೇ. 68 ತೋರಿಸುತ್ತಿತ್ತು, 2022ರಲ್ಲಿ ಶೇ. 28. ಇಪ್ಪತ್ತೈದು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ರಸ್ತೆಯನ್ನು ಕಾರೇ ನುಂಗಿಹಾಕಿತು. ಬಾನೆಟ್ಟಿನ ಎತ್ತರ 40 ಅಂಗುಲ ಮೀರಿದ ಗಾಡಿ ಗುದ್ದಿದರೆ ಪಾದಚಾರಿ ಸಾಯುವ ಸಂಭವ, ತಗ್ಗಾದ ಇಳಿಜಾರು ಬಾನೆಟ್ಟಿನ ಗಾಡಿಗಿಂತ ಶೇ. 45ರಷ್ಟು ಹೆಚ್ಚು ಎಂದೂ ಅದೇ ಸಂಸ್ಥೆ 2023ರಲ್ಲಿ ಹೇಳಿತ್ತು. ಮಕ್ಕಳನ್ನು ಶಾಲೆಗೆ ಬಿಡುವ ಸಾಲಿನಲ್ಲಿ ನಿಂತು ನೋಡಿ. ನನ್ನ ಮಗು ಸೇಫಾಗಿರಲಿ ಎಂದು ಕೊಂಡ ಎತ್ತರದ ಗಾಡಿಗಳ ಮುಂದೆ ಬೇರೆಯವರ ಮಕ್ಕಳು ಬಾನೆಟ್ಟಿನ ಕೆಳಗೇ ಮುಳುಗಿ ಹೋಗಿರುತ್ತಾರೆ. ಕಾಣದ್ದನ್ನು ಕಾಣಿಸಲು ಕ್ಯಾಮೆರಾ ಇದೆಯಲ್ಲ ಎಂದು ಕಂಪನಿಯವರು ಕೇಳುತ್ತಾರೆ. ಇದೆ. ಆ ಚಿತ್ರ ಬರುವುದೂ ಸ್ಕ್ರೀನಿನಲ್ಲೇ.

ಕ್ಯಾಮೆರಾ ಎಂದಾಗ ನೆನಪಾಯಿತು. 2024ರ ಅಕ್ಟೋಬರಿನಲ್ಲಿ ಕೇಂದ್ರದ ಸುರಕ್ಷತಾ ಸಂಸ್ಥೆ ಟೆಸ್ಲಾದ ಸ್ವಯಂಚಾಲನೆಯ ತಂತ್ರಾಂಶದ ಮೇಲೆ ಒಂದು ತನಿಖೆ ತೆರೆಯಿತು. ನಾಲ್ಕು ಅಪಘಾತಗಳು, ಒಬ್ಬ ಪಾದಚಾರಿಯ ಸಾವು. ಎದುರು ಬಿಸಿಲು, ಮಂಜು, ಧೂಳು ಇದ್ದಾಗ ಕ್ಯಾಮೆರಾಕ್ಕೆ ಕಾಣುತ್ತದೆಯೋ ಇಲ್ಲವೋ ಎಂಬುದು ತನಿಖೆಯ ವಿಷಯ; ಆಗ 24 ಲಕ್ಷ ಕಾರುಗಳು ಅದರ ವ್ಯಾಪ್ತಿಯಲ್ಲಿದ್ದವು. 2025ರ ಜೂನಿನಲ್ಲಿ ಆಸ್ಟಿನ್ನಿನ ಬೀದಿಯಲ್ಲಿ ಅದೇ ಕಂಪನಿಯ ಟ್ಯಾಕ್ಸಿಗಳು ಚಾಲಕನಿಲ್ಲದೆ ಓಡಾಡತೊಡಗಿದವು, ಪಕ್ಕದ ಸೀಟಿನಲ್ಲಿ ಒಬ್ಬ ಮೇಲ್ವಿಚಾರಕನನ್ನು ಕೂರಿಸಿಕೊಂಡು. ಹಾಸನದ ಹಿರಿಯರು ಬಿಟ್ಟಿ ಮಾಡಿದ ಕೆಲಸಕ್ಕೆ ಅಲ್ಲಿ ಸಂಬಳ ಸಿಕ್ಕಿತು. ಕ್ಯಾಮೆರಾಕ್ಕೆ ಬಿಸಿಲು ಹೊಡೆದರೆ ದೂರದ ವಾಷಿಂಗ್ಟನ್ನಿನಿಂದ ತನಿಖೆ. ಮನುಷ್ಯನ ಕಣ್ಣಿಗೆ ಹೊಡೆದರೆ ವಿಮೆಯ ಪ್ರೀಮಿಯಂ ಏರಿಕೆ.

ಇನ್ನು ಸರ್ಕಾರ ನಮ್ಮ ಗಮನ ರಸ್ತೆಯ ಮೇಲಿರಲಿ ಎಂದು ಪಟ್ಟ ಪ್ರಯತ್ನವನ್ನು ಹೇಳದಿದ್ದರೆ ಅನ್ಯಾಯವಾದೀತು. 2012ರ ಆಗಸ್ಟಿನಿಂದ ಟೆಕ್ಸಸ್ಸಿನ ಹೆದ್ದಾರಿ ಇಲಾಖೆ ತನ್ನ ವಿದ್ಯುತ್ ಫಲಕಗಳಲ್ಲಿ, ತಿಂಗಳಲ್ಲಿ ಒಂದು ವಾರ, ಈ ವರ್ಷ ರಸ್ತೆಗಳಲ್ಲಿ ಇಷ್ಟು ಜನ ಸತ್ತರು ಎಂಬ ಲೆಕ್ಕ ತೋರಿಸತೊಡಗಿತು. ಓದಿ ಜನ ಹುಷಾರಾಗಲಿ ಎಂಬ ಸದುದ್ದೇಶ. ಜೊನಾಥನ್ ಹಾಲ್, ಜೋಶುವಾ ಮ್ಯಾಡ್ಸನ್ ಎಂಬ ಇಬ್ಬರು ಸಂಶೋಧಕರು ಈ ವಾರಗಳನ್ನು ಉಳಿದ ವಾರಗಳ ಜೊತೆ ಹೋಲಿಸಿ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು: ಸಾವಿನ ಲೆಕ್ಕ ತೋರಿಸಿದಾಗ ಫಲಕದಿಂದ ಮುಂದಿನ ಹತ್ತು ಕಿಲೋಮೀಟರಿನಲ್ಲಿ ಅಪಘಾತಗಳು ಶೇ. 4.5ರಷ್ಟು ಹೆಚ್ಚಾಗಿದ್ದವು. ಸತ್ತವರ ಸಂಖ್ಯೆ ಓದುತ್ತಾ ಜನ ಗುದ್ದಿಕೊಂಡಿದ್ದಾರೆ. ಹೀಗೆ ಗುದ್ದಿಕೊಂಡವರಲ್ಲಿ ಕೆಲವರು ಮುಂದಿನ ತಿಂಗಳ ಫಲಕದ ಲೆಕ್ಕಕ್ಕೂ ಸೇರಿರಬೇಕು.

ಇಷ್ಟು ಸಾಲದೆಂದು ವರ್ಷಕ್ಕೊಮ್ಮೆ ಕಾರಿನ ಸುರಕ್ಷತೆ ತಪಾಸಣೆ ಮಾಡಿಸುವ ಪದ್ಧತಿಯನ್ನು ಖಾಸಗಿ ವಾಹನಗಳ ಮಟ್ಟಿಗೆ 2025ರ ಜನವರಿ 1ರಿಂದ ನಿಲ್ಲಿಸಿದರು. ವೈಪರ್, ದೀಪ, ಕನ್ನಡಿ, ಗಾಜಿನ ಕಪ್ಪು ಎಲ್ಲವನ್ನೂ ನೋಡುತ್ತಿದ್ದ ತಪಾಸಣೆ ಅದು. ತಪಾಸಣೆ ಹೋಯಿತು, ಅದರ ಏಳೂವರೆ ಡಾಲರ್ ಶುಲ್ಕ ಹೋಗಲಿಲ್ಲ. ತಪಾಸಣೆಗೆ ಬದಲಿ ಶುಲ್ಕ ಎಂಬ ಹೆಸರಿನಲ್ಲಿ ನೋಂದಣಿಯ ಜೊತೆ ಕಟ್ಟಬೇಕು. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಸೀಮೆಯಲ್ಲಿ ಹೊಗೆ ಪರೀಕ್ಷೆ ಮಾತ್ರ ಉಳಿದಿದೆ. ನಿಮ್ಮ ಕಾರು ಏನು ಬಿಡುತ್ತದೆ ಎಂದು ನೋಡುತ್ತಾರೆ. ನಿಮಗೆ ಏನು ಕಾಣುತ್ತದೆ ಎಂದು ಯಾರೂ ಕೇಳುವುದಿಲ್ಲ.

ಯುರೋಪಿನ ಕಾರು ಪರೀಕ್ಷಾ ಸಂಸ್ಥೆ ಯುರೋ ಎನ್‌ಕ್ಯಾಪ್ ಒಂದು ದಾರಿ ಹಿಡಿದಿದೆ. 2026ರಿಂದ ಇಂಡಿಕೇಟರ್, ವೈಪರ್, ಹಾರನ್ನು, ಅಪಾಯದ ದೀಪ ಮೊದಲಾದವಕ್ಕೆ ನಿಜವಾದ ಗುಂಡಿಯೋ ಕಡ್ಡಿಯೋ ಇಲ್ಲದಿದ್ದರೆ ಪೂರ್ತಿ ಐದು ನಕ್ಷತ್ರ ಸಿಗುವುದು ಕಷ್ಟ. ನಕ್ಷತ್ರ ಹೋಗುತ್ತದೆಂದ ಕೂಡಲೇ ಕಂಪನಿಗಳಿಗೆ ಗುಂಡಿಯ ನೆನಪು ಬರುತ್ತಿದೆ. ಟೆಕ್ಸಸ್ಸಿನಲ್ಲಿ ನಕ್ಷತ್ರ ಕೀಳುವವರು ಯಾರೂ ಇಲ್ಲದ್ದರಿಂದ ಆ ಕೆಲಸ ಕೊಳ್ಳುವವನೇ ಮಾಡಬೇಕು.

ಮುಂದಿನ ಸಲ ಶೋರೂಮಿಗೆ ಹೋದಾಗ ಸೇಲ್ಸ್‌ಮನ್ ಓಡಿ ಬಂದು ಸ್ಕ್ರೀನು ಆನ್ ಮಾಡುತ್ತಾನೆ. ಆಫ್ ಮಾಡಲು ಹೇಳಿ. ಎಸಿ, ವೈಪರ್ ಎಲ್ಲಿವೆ ಎಂದು ಕಣ್ಣು ಮುಚ್ಚಿ ತಡಕಾಡಿ ನೋಡಿ. ಮನೆಯವರನ್ನು ಎಡಗಡೆಯ ಕಂಬದ ಕಡೆಯಿಂದ ನಡೆದು ಬರಲು ಹೇಳಿ, ಎಷ್ಟು ಹೆಜ್ಜೆ ಮಾಯವಾಗುತ್ತಾರೆ ಎಣಿಸಿ. ಆಮೇಲೆ ನಿಮ್ಮ ಮಗುವನ್ನು ಬಾನೆಟ್ಟಿನ ಮುಂದೆ ನಿಲ್ಲಿಸಿ, ಸೀಟಿನಲ್ಲಿ ಕೂತು ನೋಡಿ. ತಲೆ ಕಾಣದಿದ್ದರೆ ಎಷ್ಟೇ ರಿಯಾಯಿತಿ ಕೊಟ್ಟರೂ ಆ ಗಾಡಿ ಬೇಡ.